ಹುಸೇನಸಾಬ ಮಾಸ್ತರರ ಹಿಲಾಲು

ಹೊಸ ಶಬ್ದವೊಂದು ಕಿವಿಗೆ ಬಿದ್ದರೆ ಹುಸೇನಸಾಬ ಮಾಸ್ತರು, ಬಾಗಿಲಿಗೆ ಬಂದ ಅಪರಿಚಿತನನ್ನು ವಿಚಾರಿಸುವಂತೆ, "ಎಲ್ಲಿಂದ ಬಂದೀಯಪಾ?" ಎಂದು ಅದನ್ನೇ ಕೇಳುತ್ತಿದ್ದರು. ಉತ್ತರವನ್ನೂ ತಾವೇ ಹೇಳುತ್ತಿದ್ದರು. ಮಶಾಲು ಅರಬರದ್ದು, ಉರಿ ಹಚ್ಚುವ ಮಾತಿನಿಂದ ಹುಟ್ಟಿದ್ದು. ಕಂದೀಲು ಅರಬರ ಕೈಗೆ ಬರುವ ಮೊದಲೇ ರೂಮ್, ಅಂದರೆ ರೋಮನರ ದೇಶ ತಿರುಗಿ ಬಂದದ್ದು. ದೀವಟಿಗೆ ಸಂಸ್ಕೃತದ ದೀಪವೂ ಬತ್ತಿಯೂ ಕೂಡಿ ಆದದ್ದು.

ನಿಜಾಮರ ಕಾಲ. ಅಫಜಲಪುರದ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡುವ ನಮಗೆ ಉರ್ದು, ಫಾರಸಿ ಕಲಿಸಿದವರು ಅವರು. ಇಜೇರಿಯ ರೈತರ ಮನೆಯವರಾದ್ದರಿಂದ ಅವರಿಗೂ ಮನೆಮಾತು ಅರ್ಧ ಕನ್ನಡವೇ. ತೆಳ್ಳಗಿನ ಆಳು, ಮೊಣಕೈಗೆ ತೇಪೆ ಹಾಕಿದ ಕಪ್ಪು ಶೇರ್ವಾನಿ, ಕಂಕುಳಲ್ಲಿ ದಪ್ಪನೆಯ ಅರಬಿ ನಿಘಂಟು.

ಅವರಿಗೆ ಸಿಟ್ಟು ಬರಿಸುತ್ತಿದ್ದ ಶಬ್ದ ಹಿಲಾಲು. ನಮ್ಮ ಕಡೆ ಕೈಯಲ್ಲಿ ಹಿಡಿದು ನಡೆಯುವ ಪಂಜಿಗೆ ಹಿಲಾಲು ಎನ್ನುತ್ತಾರೆ. ಅರಬಿಯಲ್ಲಿ ಹಿಲಾಲ್ ಎಂದರೆ ಬಿದಿಗೆಯ ಚಂದ್ರ. ಹಳ್ಳಿಯ ಮಂದಿ ಆಕಾಶದ ಮಾತನ್ನು ತಂದು ಎಣ್ಣೆ ಬಟ್ಟೆಗೆ ಸುತ್ತಿಬಿಟ್ಟರು ಎಂಬುದು ಅವರ ದೂರು. ಒಮ್ಮೆ ನಾನು ಉರ್ದು ಪ್ರಬಂಧದಲ್ಲಿ 'ಅಪ್ಪ ಹಿಲಾಲು ಹಿಡಿದುಕೊಂಡು ಬಂದ' ಎಂದು ಬರೆದೆ. ಮಾಸ್ತರು ಕರೆದು, "ಚಂದ್ರನ್ನ ಕೈಯಾಗ ಹಿಡದನೇನಲೇ ನಿಮ್ಮಪ್ಪ?" ಎಂದು ಅಂಗೈಗೆ ಎರಡು ಬಿಗಿದರು.

ಆ ಎರಡು ಏಟು ಎಷ್ಟು ನಾಟಿದ್ದವೆಂದರೆ, ಮುಂದೆ ನಾನು ಅದೇ ಊರಿನ ಕಚೇರಿಯೊಂದರಲ್ಲಿ ಹಳೆಯ ಕಾಗದಗಳನ್ನು ತರ್ಜುಮೆ ಮಾಡುವ ಕೆಲಸಕ್ಕೆ ಸೇರಿದಾಗಲೂ ಹಿಲಾಲ್ ಎಂದರೆ ನನ್ನ ಕಣ್ಣಿಗೆ ಚಂದ್ರನೇ ಕಾಣುತ್ತಿದ್ದ. ಆಗ ಇನಾಮು ಜಮೀನುಗಳ ವಿಚಾರಣೆ ನಡೆದಿತ್ತು. ಯಾವ ಚಾಕರಿಗಾಗಿ ಹೊಲ ಕೊಟ್ಟದ್ದು, ಆ ಚಾಕರಿ ನಡೆಯುತ್ತಿದೆಯೇ ಎಂದು ನೋಡಬೇಕು. ಕರಜಗಿಯ ನಾಗವ್ವ ಎಂಬ ವಿಧವೆಯ ಫಾರಸಿ ಸನದು, ಅಂದರೆ ಹೊಲ ಕೊಟ್ಟ ಪತ್ರ, ನನ್ನ ಕೈಗೆ ಬಂತು. ಅದರ ಮೊದಲ ಸಾಲಿನಲ್ಲಿ 'ಹಿಲಾಲಿನ ಚಾಕರಿ' ಎಂದಿತ್ತು. ನಾನು ತಡಮಾಡದೆ 'ಚಂದ್ರದರ್ಶನ ಮಾಡಿ ಊರಿಗೆ ಸಾರುವ ಚಾಕರಿ' ಎಂದು ಬರೆದೆ. ಉಳಿದ ಸಾಲುಗಳು ಎಂದಿನ ಒಕ್ಕಣೆಯೆಂದು ಓದಲೂ ಇಲ್ಲ. ಅಂಥ ಚಾಕರಿ ಈ ಮನೆಯವರು ಎಂದೂ ಮಾಡಿಲ್ಲ, ಹೊಲ ಸರಕಾರಕ್ಕೆ ಸೇರಬೇಕು ಎಂದು ವಿಚಾರಣೆ ನಡೆಸುತ್ತಿದ್ದ ಸಾಹೇಬರು ಹುಕುಮು ಬರೆಸಿದರು. ಎಂಟು ದಿನದೊಳಗೆ ತಕರಾರಿದ್ದರೆ ಹೇಳಬಹುದಿತ್ತು.

ನಾಗವ್ವ ಮರುದಿನವೇ ನಡೆದುಕೊಂಡು ಬಂದಳು. ಅಳಲಿಲ್ಲ. ಕಾಗದದಲ್ಲಿ ಏನು ಬರೆದಿದೆ ಎಂದು ಕೇಳಿದಳು. ಹೇಳಿದೆ. "ನಮ್ಮ ಮಾವನ ಕಾಲಕ್ಕ ಭೀಮಾನದಿ ದಾಟೋ ಮಂದಿಗಿ ಹಿಲಾಲ ಹಿಡೀತಿದ್ರರಿ, ಈಗೂ ನಮ್ಮ ಆಳ ಹಿಡೀತಾನ್ರಿ. ಚಾವಡಿಯಿಂದ ತಿಂಗಳಾ ಎಣ್ಣಿ ಬರ್ತಿತ್ತು. ಚಂದ್ರಗ ಯಾರರೆ ಎಣ್ಣಿ ಹಾಕ್ತಾರೇನ್ರಿ?" ಎಂದಳು.

ಸನದನ್ನು ಎತ್ತಿಕೊಂಡು, ಆಕೆಯನ್ನೂ ಕರೆದುಕೊಂಡು ಮಾಸ್ತರರ ಮನೆಗೆ ಹೋದೆ. ಅವರು ಆಕೆಯ ಮಾತನ್ನೆಲ್ಲ ಕೇಳಿ, ಕನ್ನಡಕ ಏರಿಸಿ, ನಾನು ಬಿಟ್ಟ ಸಾಲುಗಳ ಮೇಲೆ ಬೆರಳಾಡಿಸುತ್ತ ಹೋದರು. ನಾಲ್ಕನೆಯ ಸಾಲಿನಲ್ಲಿ ಬೆರಳು ನಿಂತಿತು. 'ಹಿಲಾಲಿಗಾಗಿ ತಿಂಗಳಿಗೆ ಎರಡು ಸೇರು ಎಣ್ಣೆ' ಎಂದು ಸ್ಪಷ್ಟವಾಗಿತ್ತು. ಮಾಸ್ತರು ಸನದನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಆಮೇಲೆ, ನಾಳೆ ನಾಗವ್ವನ ಜೊತೆ ತಾವೇ ಕಚೇರಿಗೆ ಬರುವುದಾಗಿ ಹೇಳಿದರು. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಸಾಹೇಬರು ಹೈದರಾಬಾದಿನವರು, ಒಳ್ಳೆಯ ಓದಿನವರು. ಎಣ್ಣೆಯ ಸಾಲು ನೋಡಿಯೂ, ಹಿಲಾಲಿಗೆ ಪಂಜು ಎಂಬ ಅರ್ಥ ಯಾವ ನಿಘಂಟಿನಲ್ಲಿದೆ ತೋರಿಸಿ ಎಂದರು. ಮಾಸ್ತರರ ಕಂಕುಳಲ್ಲಿದ್ದ ಪುಸ್ತಕದಲ್ಲಿ ಅದು ಇರಲಿಲ್ಲ. ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಚೇರಿಯ ಗುಮಾಸ್ತರಲ್ಲಿ ಅರ್ಧಕ್ಕರ್ಧ ಅವರ ಶಿಷ್ಯರೇ; ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು.

ಮಾಸ್ತರು ಉರ್ದುವಿನಲ್ಲಿ ಶುರುಮಾಡಿ, ನಾಗವ್ವನ ಕಡೆ ನೋಡಿ ಕನ್ನಡಕ್ಕೆ ತಿರುಗಿದರು. "ಪುಸ್ತಕದಾಗ ಇಲ್ಲರಿ. ಈ ಶಬ್ದಕ್ಕ ನಾ ಮೂವತ್ತು ವರ್ಷ ಹುಡುಗರನ್ನ ಹೊಡದೇನಿ. ಈ ಕಾಗದಾ ಬರದಾವ ನನಕಿಂತ ಹೆಚ್ಚು ಓದಿದಾಂವ. ಅವ ಈ ಊರಾಗ ಕುಂತು ಈ ಊರ ಮಾತ ಬರದಾನ. ತಪ್ಪು ಅವಂದಲ್ಲ, ಈಕೀದೂ ಅಲ್ಲ. ನಂದು."

ಸಾಹೇಬರು ಇದನ್ನು ಬರೆದು ರುಜು ಹಾಕುತ್ತೀರಾ ಎಂದು ಕೇಳಿದರು. ಮಾಸ್ತರು ಅಲ್ಲೇ ನಿಂತು ಬರೆದುಕೊಟ್ಟರು. ಹುಕುಮು ರದ್ದಾಯಿತು; ಹೊಲ ನಾಗವ್ವನಲ್ಲೇ ಉಳಿಯಿತು.

ಹೊರಗೆ ಕಟ್ಟೆಯ ಮೇಲೆ ಕುಳಿತು ಅವರು ನಿಘಂಟು ಬಿಚ್ಚಿ, ಹಿಲಾಲ್ ಎಂಬಲ್ಲಿ ಅಂಚಿನ ಖಾಲಿ ಜಾಗದಲ್ಲಿ ಸಣ್ಣಕ್ಷರದಲ್ಲಿ ಬರೆದರು: 'ಪಂಜು. ಹೇಳಿದವರು, ಕರಜಗಿಯ ನಾಗವ್ವ.' ಚಂದ್ರ ಹೇಗೆ ಪಂಜಾದ ಎಂದು ಕೇಳಿದೆ. ಪಂಜಿನ ಕಬ್ಬಿಣದ ತಲೆ ಬಾಗಿದ್ದಿರಬಹುದು ಎಂದು ಅರ್ಧ ಹೇಳಿ, ತಲೆಯಲ್ಲಾಡಿಸಿ, "ಗೊತ್ತಿಲ್ಲ" ಎಂದರು. ಅವರ ಬಾಯಿಂದ ಆ ಮಾತು ನಾನು ಮೊದಲ ಸಲ ಕೇಳಿದ್ದು.

ನೌಕರಿ ಮುಗಿದ ಮೇಲೆ ಅವರು ಆಳಂದದಲ್ಲಿ ಮಗಳು ಬೀಬಿಯ ಮನೆ ಸೇರಿದರು. ಕಣ್ಣಿಗೆ ಪೊರೆ ಬಂದಿತ್ತು. ನಾನೊಮ್ಮೆ ಸೊಲ್ಲಾಪುರದಿಂದ, ಗುಂಡಿ ಒತ್ತಿದರೆ ಬೆಳಕು ಬೀರುವ ಕೈದೀಪ ಕೊಂಡುಹೋಗಿ ಕೊಟ್ಟೆ. ಮಂದಿ ಇದಕ್ಕೆ ಬ್ಯಾಟ್ರಿ ಅನ್ನುತ್ತಾರೆ, ಆದರೆ ಬ್ಯಾಟ್ರಿ ಎಂದರೆ ನಿಜವಾಗಿ ಒಳಗಿರುವ ಸೆಲ್ಲು, ಇಂಗ್ಲಿಷರು ಇದಕ್ಕೆ ಟಾರ್ಚು ಎನ್ನುತ್ತಾರೆ ಎಂದು ನಾನು ತಿದ್ದಲು ಹೊರಟೆ. ಅವರು ನಕ್ಕು, "ಮಂದಿ ಏನಂತಾರೋ ಅದಾ ಇರ್ಲಿ ಬಿಡಪಾ" ಎಂದರು. ಬೆಳಕಿನ ಮೇಲೆ ಅಂಗೈ ಇಟ್ಟು ನೋಡಿ, ಕಾವೇ ಇಲ್ಲವಲ್ಲ ಎಂದು ಆಶ್ಚರ್ಯಪಟ್ಟರು. ಅದೇ ನಮ್ಮ ಕೊನೆಯ ಭೇಟಿ.

ಕೆಲವು ತಿಂಗಳ ಮೇಲೆ ಬೀಬಿಯ ಕಾಗದ ಬಂತು. ಸೆಲ್ಲು ಮುಗಿದಿವೆ, ಆಳಂದದಲ್ಲಿ ಸಿಗುತ್ತಿಲ್ಲ, ಸಿಕ್ಕರೆ ಕಳಿಸಿ ಎಂದು. ಯುದ್ಧದ ಕಾಲ, ಅಂಗಡಿಗಳೆಲ್ಲ ಬರಿದು. ಹುಡುಕಿ ತರುವಷ್ಟರಲ್ಲಿ ಒಂದೂವರೆ ತಿಂಗಳು ಕಳೆಯಿತು. ಆಳಂದ ಮುಟ್ಟಿದಾಗ ಮಾಸ್ತರರನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು.

ಬೀಬಿ ನೀರು ಕೊಟ್ಟು ಎದುರಿಗೆ ಕುಳಿತಳು. ಕಣ್ಣು ಪೂರಾ ಹೋಗಿದ್ದ ಅಪ್ಪ, ಸೆಲ್ಲು ಮುಗಿದ ಮೇಲೂ, ದಿನಾ ಸಂಜೆ ಬ್ಯಾಟ್ರಿ ಕೈಗೆ ತೆಗೆದುಕೊಂಡು ಗುಂಡಿ ಒತ್ತುತ್ತಿದ್ದರಂತೆ. "ದೀಪ ಹತ್ತ್ಯಾದೇನು ಬೇ ಅಂತ ಕೇಳೋರ್ರಿ," ಎಂದಳು. "ಹತ್ತ್ಯಾದ ಅಂತ ಹೇಳ್ತಿದ್ದೆ."