ಸಾನಿಯಾಳ ಎರಡನೆಯ ಆಪರೇಷನ್

ಜುಬೇದಾಬಿ, ನಿಮ್ಮ ಆರು ವರ್ಷದ ಸಾನಿಯಾಳಿಗೆ ಎರಡನೆಯ ಸಲ ತಲೆಯ ಆಪರೇಷನ್ ಮಾಡಿಸಲು ನಿಮ್ಮನ್ನು ಒಪ್ಪಿಸಿದವಳು ನಾನು. ಅದರಿಂದ ಅವಳು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಪ್ಪಿಸಿದೆ — ನನಗೆ ಅವಳ ಮಿದುಳಿನಲ್ಲಿದ್ದ ಗಡ್ಡೆಯ ಚೂರು ಬೇಕಾಗಿತ್ತು.

ನೀವು ನನ್ನನ್ನು ಡಾಕ್ಟರ್ ಎಂದೇ ತಿಳಿದಿದ್ದಿರಿ. ನಾನು ರೋಗಿಗಳನ್ನು ನೋಡುವ ಡಾಕ್ಟರಲ್ಲ. ನೀವು ಸಾನಿಯಾಳನ್ನು ಸೇರಿಸಿದ್ದ ಆಸ್ಪತ್ರೆಯ ಲ್ಯಾಬಿನಲ್ಲಿ ಮಕ್ಕಳ ಮಿದುಳಿನ ಗಡ್ಡೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಜೀವಕೋಶದೊಳಗಿನ ವರ್ಣತಂತುಗಳ ತುದಿಗೆ ಟೆಲೊಮಿಯರ್ ಎಂಬ ಕಾಪು ಇರುತ್ತದೆ. ಕೋಶ ಒಂದು ಎರಡಾದಾಗಲೆಲ್ಲ ಅದು ಇಷ್ಟಿಷ್ಟೇ ಸವೆಯುತ್ತದೆ. ತೀರ ಸವೆದ ಮೇಲೆ ಕೋಶ ಬೆಳೆಯುವುದನ್ನು ನಿಲ್ಲಿಸುತ್ತದೆ. ಸಾನಿಯಾಳ ಗಡ್ಡೆಯ ಕೋಶಗಳು ಹಾಗೆ ನಿಲ್ಲುವಂಥವಲ್ಲ — ಸವೆದ ತುದಿಯನ್ನು ತಾವೇ ಮತ್ತೆ ಬೆಳೆಸಿಕೊಳ್ಳುತ್ತಿದ್ದವು. ಮೊದಲ ಆಪರೇಷನ್ನಿನ ಚೂರಿನಲ್ಲಿ ನಾನೇ ಅದನ್ನು ನೋಡಿದ್ದೆ. ಗಡ್ಡೆ ಮರಳಿ ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಈಗ ಅದು ಹೇಗೆ ಬದಲಾಗಿದೆ ಎಂದು ನೋಡುವ ಆಸೆಯಾಯಿತು. ಆಸೆ — ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಸರ್ಜನ್ ನಿಮಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು: ಇನ್ನೊಮ್ಮೆ ತೆಗೆದರೆ ಹೆಚ್ಚಿನ ಪ್ರಯೋಜನವಿಲ್ಲ, ಮಾತು ಹೋಗಬಹುದು, ಮನೆಗೆ ಕರೆದೊಯ್ದು ನೋವಿಗೆ ಔಷಧ ಕೊಡುತ್ತ ಇಟ್ಟುಕೊಳ್ಳುವುದೂ ಒಂದು ದಾರಿ, ನಿರ್ಧಾರ ನಿಮ್ಮದು. ನೀವು ಹೊರಗೆ ಬಂದು ಬೆಂಚಿನ ಮೇಲೆ ಕುಳಿತಿರಿ. ಸವಣೂರಿನವರು ನೀವು, ಹಾನಗಲ್ಲಿನವಳು ನಾನು. ಅಷ್ಟು ದೂರದ ಆ ಶಹರದಲ್ಲಿ ನಮ್ಮ ಮಾತು ಆಡುವವರು ನಿಮಗೆ ಬೇರೆ ಯಾರೂ ಸಿಕ್ಕಿರಲಿಲ್ಲ. ಸಾನಿಯಾ ನಿಮ್ಮ ತೊಡೆಯ ಮೇಲೆ ಮಲಗಿ, ಊರಿಗೆ ಯಾವಾಗ ಹೋಗುವುದು ಎಂದು ಕೇಳುತ್ತಲೇ ಇದ್ದಳು.

"ಅಕ್ಕಾರ, ನೀವು ನಮ್ಮ ಕಡೆಯವರು. ಖರೇ ಹೇಳ್ರಿ — ನಿಮ್ಮ ಮಗಳಾಗಿದ್ರ ಮಾಡಸ್ತಿದ್ರೇನು?"

"ಮಾಡಸ್ತಿದ್ದೆ," ಎಂದೆ.

ನನ್ನ ಮಗಳಾಗಿದ್ದರೆ ಆ ದಿನವೇ ಊರಿನ ಬಸ್ಸು ಹತ್ತುತ್ತಿದ್ದೆ.

ಆಪರೇಷನ್ ಆದ ಮೇಲೆ ಅವಳು ಮಾತಾಡಲಿಲ್ಲ. ಕಣ್ಣು ಬಿಡುತ್ತಿದ್ದಳು, ನಿಮ್ಮ ಬೆರಳು ಹಿಡಿಯುತ್ತಿದ್ದಳು — ಅಷ್ಟೇ. ನಾನು ವಾರ್ಡಿಗೆ ಬರುವುದನ್ನು ಬಿಟ್ಟೆ. ಸವಣೂರಿಗೆ ಕರೆದೊಯ್ದ ಮೇಲೂ ಆ ಬಾಯಿಂದ ಒಂದು ಮಾತೂ ಬರಲಿಲ್ಲವೆಂದು, ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡಳೆಂದು ನೀವೇ ಫೋನಿನಲ್ಲಿ ಹೇಳಿದಿರಿ. ಹೇಳಿ, ಆಮೇಲೆ... ನನ್ನನ್ನೇ ಸಮಾಧಾನ ಮಾಡಿದಿರಿ.

"ಅಳಬ್ಯಾಡ್ರಿ ಅಕ್ಕಾರ. ನಿಮ್ಮ ಕೈಲೆ ಆಗೋವಷ್ಟು ನೀವು ಮಾಡೀರಿ."

ಆ ಚೂರಿನಿಂದ ಬೆಳೆಸಿದ ಕೋಶಗಳು ಈಗಲೂ ಲ್ಯಾಬಿನಲ್ಲಿ ಬೆಳೆಯುತ್ತಿವೆ. ಮುಂದೆ ಯಾವುದೋ ಮಗುವಿಗೆ ಅವುಗಳಿಂದ ಔಷಧ ಸಿಗಬಹುದು — ಹೀಗೆ ಹೇಳಿಕೊಂಡೇ ಇಷ್ಟು ವರ್ಷ... ಇಲ್ಲ. ಅದನ್ನೇ ನಿಮಗೆ ಹೇಳಿ, ಕೇಳಬಹುದಿತ್ತು. ನೀವು ಹೂಂ ಅನ್ನುತ್ತಿದ್ದಿರೇನೋ, ಬೇಡ ಅನ್ನುತ್ತಿದ್ದಿರೇನೋ. ಆ ಉತ್ತರ ನಿಮ್ಮದಾಗಿತ್ತು. ಅದನ್ನು ನಿಮ್ಮಿಂದ ಕದ್ದೆ. ಮಗುವಿನ ಕೊನೆಯ ತಿಂಗಳುಗಳ ಮಾತನ್ನೂ.

ಹೋದ ವರ್ಷ ಹೇಳಿಬಿಡಬೇಕೆಂದೇ ಸವಣೂರಿನಲ್ಲಿ ಇಳಿದು ನಿಮ್ಮ ಮನೆಗೆ ಬಂದೆ. ನೀವು ಅಕ್ಕಪಕ್ಕದ ಹೆಂಗಸರನ್ನು ಕರೆದು, ನಮ್ಮ ಸಾನಿಯಾಗಾಗಿ ಬಡಿದಾಡಿದವರು ಇವರೇ ಎಂದು ನನ್ನನ್ನು ತೋರಿಸಿದಿರಿ. ನಾನು ಚಹಾ ಕುಡಿದು ಎದ್ದು ಬಂದೆ.

ಬರುವ ಭಾನುವಾರ ಮತ್ತೆ ಬರುತ್ತೇನೆ. ಈ ಸಲ ಒಳಗೆ ಬಂದು ಕೂರುವುದಿಲ್ಲ. ಇಲ್ಲಿ ಒಬ್ಬಳೇ ಹೇಳಿಕೊಂಡ ಇದಿಷ್ಟನ್ನೂ ಹೊಸ್ತಿಲ ಹೊರಗೇ ನಿಂತು ನಿಮಗೆ ಹೇಳುತ್ತೇನೆ.