ಅತ್ತದ್ದು ಯಾರೆಂದು ಬರೆದ ಟೀಚರ್

ಮೊನ್ನೆ ಸಿಗಡಿ ಉಪ್ಪಿನಕಾಯಿಗೆಂದು ವಿನೆಗರ್ ಬಾಟಲಿಯ ಮುಚ್ಚಳ ತೆಗೆದೆ. ಆ ಹುಳಿ ವಾಸನೆ ಮೂಗಿಗೆ ಹೊಡೆದದ್ದೇ ತಡ, ಟೀಚರ ಮನೆಯ ಚಾವಡಿ ಕಣ್ಣೆದುರು ಬಂತು. ಹಳೆಯ ಸಿನಿಮಾ ರೀಲು ಹಾಳಾಗತೊಡಗಿದರೆ ಹೀಗೇ ವಿನೆಗರಿನಂತೆ ನಾರುತ್ತದೆ ಎಂದು ನನಗೆ ಗೊತ್ತಾದದ್ದು ಅವರಲ್ಲಿ. ಮೊದಲ ಸಲ ಹೋದಾಗ, ಇವರು ಯಾವುದೋ ಉಪ್ಪಿನಕಾಯಿ ಹಾಕಿ ಮರೆತುಬಿಟ್ಟಿದ್ದಾರೆ ಅಂದುಕೊಂಡಿದ್ದೆ. ನೋಡಿದರೆ ಕಪಾಟಿನಲ್ಲಿ ಸೀರೆ ಇರಬೇಕಾದ ಜಾಗದಲ್ಲಿ ರೀಲು ತುಂಬಿದ ತಗಡಿನ ಡಬ್ಬಗಳು... ಸೀರೆಗಳು ಹಗ್ಗದ ಮೇಲೆ ನೇತಾಡುತ್ತಿದ್ದವು.

ಗಡಿಯಾಚೆ ಕೇರಳಕ್ಕೆ ಸೇರಿದ ಕುಂಬಳೆ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ, ಈಗಲೂ ಉಂಟು. ಮದುವೆ ಕಾಗದ, ಭಜನೆಯ ನೋಟೀಸು, ಶ್ರದ್ಧಾಂಜಲಿ, ಎಲ್ಲವನ್ನೂ ಕನ್ನಡ ಮಲಯಾಳ ಎರಡರಲ್ಲೂ ಟೈಪ್ ಮಾಡಿ ಕೊಡುವುದು ನನ್ನ ಕೆಲಸ. ಟೀಚರ್ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರ ಪುಸ್ತಕಗಳೆಲ್ಲ ನನ್ನ ಬೆರಳಿನ ಕೆಳಗೇ ಹಾದುಹೋದವು. ಸಿನಿಮಾದ ಚರಿತ್ರೆ ಬರೆಯುತ್ತಿದ್ದರು, ಆದರೆ ಹೀರೋಗಳ ಗೊಡವೆಗೆ ಹೋಗುತ್ತಿರಲಿಲ್ಲ. ಅಂಥವರ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ ಎನ್ನುತ್ತಿದ್ದರು. ಮೇಕಪ್ಪಿನವರು, ಗುಂಪಿನಲ್ಲಿ ಕುಣಿದವರು, ಪೆರ್ಲದ ಕಡೆ ಟೆಂಟ್ ಹಾಕಿ ಸಿನಿಮಾ ಓಡಿಸಿದವರು, ಇಂಥವರ ಜೀವನ ಚರಿತ್ರೆಗಳೇ ಅವರಿಗೆ ಬೇಕು. ಬೇಸಗೆ ರಜೆ ಬಂದರೆ ಒಂದು ಚೀಲ ಹೆಗಲಿಗೆ ಹಾಕಿ ಮದ್ರಾಸಿನ ರೈಲು ಹತ್ತುವುದು. ಅಲ್ಲಿ ಯಾರನ್ನು ಕಂಡರೂ ಮೊದಲ ಪ್ರಶ್ನೆ ಒಂದೇ: ಶೂಟಿಂಗಿನ ದಿನ ನೀವು ಎಲ್ಲಿ ಕೂತು ಊಟ ಮಾಡುತ್ತಿದ್ದಿರಿ? ಅದೊಂದು ಗೊತ್ತಾದರೆ ಉಳಿದ ಕತೆ ತಾನಾಗಿ ಬರುತ್ತದೆ ಎಂಬುದು ಅವರ ಲೆಕ್ಕ.

ಒಂಟಿ ಹೆಂಗಸು, ಅದರಲ್ಲೂ ಟೀಚರ್, ಸಿನಿಮಾದವರನ್ನು ಹುಡುಕಿಕೊಂಡು ಹೋಗುವುದೆಂದರೆ! ಊರು ಮೂಗು ಮುರಿಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನನ್ನ ಅಂಗಡಿಯಲ್ಲೇ ಅವರಿಗೆ ಕೇಳುವಂತೆ ಆಡಿದವರಿದ್ದಾರೆ. ಬೆಂಗಳೂರಿನ ಕಡೆಯವರು ‘ನೀವು ಕೇರಳದವರಲ್ಲವೇ’ ಎಂದು ಪುಸ್ತಕ ಬದಿಗಿಟ್ಟರು, ಇಲ್ಲಿಯವರು ‘ಇದು ಕನ್ನಡದ್ದಲ್ಲವೇ’ ಎಂದು ಬದಿಗಿಟ್ಟರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಟೀಚರ್ ಮಾತ್ರ ನಗುತ್ತಿದ್ದರು. “ನಮಗೆ ಎರಡೂ ಕಡೆಗೆ ಬಸ್ಸುಂಟು ಮಾರಾಯ್ತಿ. ನೀನು ಟೈಪ್ ಮಾಡು.”

ಅವರ ಕೊನೆಯ ಪುಸ್ತಕ ಹತ್ತಿರದ ಶಿರಿಯ ಊರಿನ ಒಬ್ಬರು ಅಜ್ಜಿಯದು. ಆ ಅಜ್ಜಿ ಯೌವನದಲ್ಲಿ ಮದ್ರಾಸಿನ ಸ್ಟುಡಿಯೋಗಳಲ್ಲಿ ನಾಯಕಿಯರಿಗಾಗಿ ಅತ್ತವರು. ತೆರೆಯ ಮೇಲೆ ನಾಯಕಿ ಮುಖ ಮುಚ್ಚಿಕೊಂಡರೆ ಸಾಕು, ಬಿಕ್ಕುವ ದನಿ ಈ ಅಜ್ಜಿಯದು. ಅಳುವುದಕ್ಕೆ ಭಾಷೆ ಬೇಡವಲ್ಲ, ಹಾಗಾಗಿ ಕನ್ನಡ, ತಮಿಳು, ಮಲಯಾಳ, ತೆಲುಗು ಎಲ್ಲದರಲ್ಲೂ ಅತ್ತರು. ಒಂದು ಸಿನಿಮಾದಲ್ಲೂ ಅವರ ಹೆಸರು ಹಾಕಲಿಲ್ಲ. ಊರಿಗೆ ಮರಳಿದ ಮೇಲೆ ಮನೆಯವರು, ಇವರು ಅಲ್ಲಿ ಆಸ್ಪತ್ರೆಯಲ್ಲಿ ನರ್ಸಾಗಿದ್ದರು ಎಂದು ಹಬ್ಬಿಸಿದರು. ಪಾಪ, ನೆರೆಕರೆಯವರು ಮಕ್ಕಳಿಗೆ ಜ್ವರ ಬಂದರೆ ಅಜ್ಜಿಯನ್ನು ಕೇಳಲು ಬರುತ್ತಿದ್ದರಂತೆ.

ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಅಜ್ಜಿಯ ತಮ್ಮನ ಮಗ ನನ್ನ ಅಂಗಡಿಗೆ ಬಂದ. ಟೀಚರ್ ಅಲ್ಲೇ ಪ್ರೂಫ್ ನೋಡುತ್ತಿದ್ದರು. ಅವನು ಒಳ್ಳೆಯ ಮಾತಿನಲ್ಲೇ ಹೇಳಿದ. “ಟೀಚರೇ, ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ. ಅತ್ತೆಯ ಹೆಸರು, ಮನೆ ಹೆಸರು ತೆಗೀರಿ. ಒಬ್ಬಳು ಕಲಾವಿದೆ ಅಂತ ಹಾಕಿದ್ರೆ ಸಾಕು. ಸಿನಿಮಾದವರು ಅಂದ್ರೆ ಜನ ಎಂತೆಲ್ಲ ಹೇಳ್ತಾರೆ ನಿಮಗೆ ಗೊತ್ತುಂಟಲ್ಲ.”

“ಗೊತ್ತುಂಟು, ನನಗೇ ಹೇಳಿದ್ದಾರೆ” ಎಂದರು ಟೀಚರ್. “ಆದ್ರೆ ಹೆಸರು ಅವರದ್ದು. ಅವರು ತೆಗೀರಿ ಅಂದ್ರೆ ಅಲ್ಲೇ ಗೀಟು ಹಾಕ್ತೇನೆ.”

ಅದು ಅವರ ಕ್ರಮ. ಯಾರ ಬಗ್ಗೆ ಬರೆದರೋ ಅವರೆದುರು ಕೂತು ಓದಿ ಕೇಳಿಸದೆ ಒಂದು ಪುಟವನ್ನೂ ಅಚ್ಚಿಗೆ ಕೊಡುತ್ತಿರಲಿಲ್ಲ. ಬೇಡವೆಂದದ್ದನ್ನು ಮರುಮಾತಿಲ್ಲದೆ ತೆಗೆಯುತ್ತಿದ್ದರು. ಆ ಮನುಷ್ಯನಿಗೂ ಇದು ತಿಳಿದಿತ್ತು. ಹಾಗಾದರೆ ಆದಿತ್ಯವಾರ ಬನ್ನಿ ಎಂದು ನಗುತ್ತಾ ಹೋದ. ಅತ್ತೆಗೆ ಅಷ್ಟರೊಳಗೆ ಪಾಠ ಹೇಳಿಕೊಡುತ್ತಾನೆ ಎಂದು ನಾನು ಟೀಚರಿಗೆ ಎಚ್ಚರಿಸಿದೆ. ಹೇಳಿಕೊಡಲಿ ಎಂದರು.

ಆದಿತ್ಯವಾರ ನಾನೂ ಜೊತೆಗೆ ಹೋದೆ. ಜಗಲಿಯಲ್ಲಿ ಮನೆಯವರೆಲ್ಲ ಸೇರಿದ್ದರು. ಅಜ್ಜಿ ತಲೆ ತಗ್ಗಿಸಿ ಕೂತಿದ್ದರು. ಟೀಚರ್ ಓದತೊಡಗಿದರು. ಕತ್ತಲ ಕೋಣೆಯಲ್ಲಿ ಮೈಕಿನ ಮುಂದೆ ನಿಂತು, ಎದುರಿನ ತೆರೆಯಲ್ಲಿ ಬೇರೆ ಯಾರದೋ ತುಟಿ ನೋಡುತ್ತಾ ಅತ್ತ ಪುಟ ಅದು... ಅರ್ಧಕ್ಕೆ ಬರುವಾಗ ಅಜ್ಜಿಯ ಹೆಗಲು ನಡುಗಿತು. ಮೆಲ್ಲಗೆ ಬಿಕ್ಕಿದರು. ಆಮೇಲೆ ಸೆರಗು ಬಾಯಿಗೆ ಒತ್ತಿ ಎಂಥಾ ಅಳು ಎಂದರೆ, ನಾನೂ ಕಣ್ಣೊರೆಸಿಕೊಂಡೆ.

“ಸಾಕು ಟೀಚರೇ” ಎಂದು ತಮ್ಮನ ಮಗ ಎದ್ದ. “ನೋಡಿ, ಮುದಿಪ್ರಾಯದಲ್ಲಿ ಅವರನ್ನು ಹೀಗೆ ನೋಯಿಸ್ಲಿಕ್ಕುಂಟಾ?”

ಅಳು ತಟ್ಟನೆ ನಿಂತಿತು. ಅಜ್ಜಿ ಸೆರಗು ಕೆಳಗಿಟ್ಟರು. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

“ಹೇಗುಂಟು ಟೀಚರೇ, ಈಗಲೂ ಬರ್ತದಾ?” ಎಂದು ಕೇಳಿದರು. ಟೀಚರ್ ಕೈ ಮುಗಿದರು. ಅಜ್ಜಿ ತಮ್ಮನ ಮಗನ ಕಡೆ ತಿರುಗಿದರು. “ಹೆಸರು ಇರಲಿ ಮಗಾ. ಅತ್ತದ್ದು ನಾನು.”

ಪುಸ್ತಕ ಹೆಸರಿನೊಂದಿಗೇ ಬಂತು. ಬಿಡುಗಡೆಗೆಂದು ಒಪ್ಪಿದ್ದ ಸಭಾಭವನದವರು ಅದೇ ದಿನ ಬೇರೆ ಕಾರ್ಯಕ್ರಮ ಉಂಟೆಂದು ಜಾರಿಕೊಂಡರು. ಟೀಚರ್ ನನ್ನ ಅಂಗಡಿಯಲ್ಲಿ ಗಿರಾಕಿಗಳ ಕುರ್ಚಿಯ ಮೇಲೆ ಅಜ್ಜಿಯನ್ನು ಕೂರಿಸಿ ಅವರ ಕೈಯಿಂದಲೇ ಬಿಡುಗಡೆ ಮಾಡಿಸಿದರು. ಅಜ್ಜಿ ಮುಖಪುಟದ ಮೇಲಿನ ತಮ್ಮ ಹೆಸರನ್ನು ಬೆರಳಿನಿಂದ ಸವರಿದರು. ಆ ಮನೆಯ ಹುಡುಗಿಗೆ ಮುಂದಿನ ವರ್ಷವೇ ಮದುವೆಯೂ ಆಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಅಜ್ಜಿ ಮೊದಲು ಹೋದರು, ಹಿಂದಿನಿಂದ ಟೀಚರೂ... ಟೀಚರ ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಒಳ್ಳೆಯ ಅಧ್ಯಾಪಿಕೆ, ಸ್ವಲ್ಪ ಸಿನಿಮಾದ ಹುಚ್ಚು ಎಂದರು. ಆ ದಿನ ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿ ಎದ್ದು ಬಂದೆ.

ಈಗ ಅವರ ವರ್ಷದ ನೆನಪಿನ ಸಭೆಯ ನೋಟೀಸು ಟೈಪ್ ಮಾಡಲು ನನ್ನಲ್ಲಿಗೇ ಬಂದಿದೆ. ಸಭೆ ನಡೆಸುವವರು ಹೆಸರಿನ ಕೆಳಗೆ ‘ನಿವೃತ್ತ ಅಧ್ಯಾಪಿಕೆ, ಸಿನಿಮಾಪ್ರೇಮಿ’ ಎಂದು ಬರೆದು ಕೊಟ್ಟಿದ್ದರು. ನಾನು ‘ಚಲನಚಿತ್ರ ಇತಿಹಾಸಕಾರರು, ಜೀವನಚರಿತ್ರಕಾರರು’ ಎಂದು ಟೈಪ್ ಮಾಡಿದೆ, ದಪ್ಪ ಅಕ್ಷರದಲ್ಲಿ. ಅದನ್ನು ನೋಡಿ ಅವರು, ಇಷ್ಟೆಲ್ಲ ಯಾಕೆ, ಸ್ವಲ್ಪ ಕಡಿಮೆ ಮಾಡಿ ಎಂದರು. ಒಂದಕ್ಷರ ತೆಗೆಯುವುದಿಲ್ಲ, ಬೇಡವಾದರೆ ಬೇರೆ ಅಂಗಡಿ ನೋಡಿ ಎಂದೆ. ಗೊಣಗುತ್ತಾ ಒಪ್ಪಿ ಹೋದರು. ಪ್ರೂಫ್ ಮೇಜಿನ ಮೇಲಿದೆ. ಸಂಜೆ ಅಚ್ಚಿಗೆ ಹೋಗಬೇಕು. ಅದಕ್ಕೆ ಮೊದಲು ಒಮ್ಮೆ ಎದುರು ಕೂತು ಓದಿ ಕೇಳಿಸೋಣವೆಂದರೆ, ಟೀಚರ್ ಇಲ್ಲ.