ನನ್ನ ನಾಲಿಗೆಗೆಂದು ಬಂದ ಪಾರ್ಸೆಲ್

ನಾನು ಉಗ್ಗುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎದುರಿಗೆ ಸಿಕ್ಕವರಿಗೆ ಹೇಗೂ ನನ್ನ ಎರಡನೆಯ ಮಾತಿಗೇ ಗೊತ್ತಾಗುತ್ತದೆ. ತುಟಿ ಕೂಡಿಸಿ ಆಡುವ ಅಕ್ಷರಗಳೇ ನನಗೆ ಸಿಕ್ಕಿಕೊಳ್ಳುವುದು. ಪ, ಬ, ಮ. ಮೀನು ಮಾರುವವಳಿಗೆ ಬಂಗಡೆ ಎನ್ನಲು ಬಾರದಿದ್ದರೆ ಹೇಗೆ ಎಂದು ಕೇಳುವವರಿದ್ದಾರೆ. ಬರುತ್ತದೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೆ. ಐಸಿನಲ್ಲಿ ಮಲಗಿದ ಬಂಗಡೆಗೆ ಅವಸರವಿಲ್ಲ. ಅವಸರ ಇರುವುದು ಕೇಳುವವರಿಗೆ.

ನಾನು ಹುಟ್ಟಿದ್ದು ಅಂಕೋಲೆಯ ಕೇಣಿಯಲ್ಲಿ. ಅಪ್ಪ ದೋಣಿಗೆ ಹೋಗುತ್ತಿದ್ದ. ಆಯಿ ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ನಡೆಯುತ್ತಿದ್ದಳು. ನನ್ನನ್ನು ನೋಡಿಕೊಂಡಿದ್ದು ಅಜ್ಜಿ. ನನ್ನ ಮಾತು ಎಲ್ಲ ಮಕ್ಕಳಂತೆ ಹರಿಯುವುದಿಲ್ಲ ಎಂದು ಮೊದಲು ಗಮನಿಸಿದವಳೂ ಅವಳೇ. ಅವಳು ಬಜೆಯ ಬೇರನ್ನು ಕಲ್ಲಿನ ಮೇಲೆ ತೇಯ್ದು, ಜೇನು ಕಲಸಿ, ತೋರುಬೆರಳಲ್ಲಿ ನನ್ನ ನಾಲಿಗೆಗೆ ಹಚ್ಚುತ್ತಿದ್ದಳು. ಶಂಖದಲ್ಲಿ ರಾತ್ರಿಯಿಡೀ ಇಟ್ಟ ನೀರನ್ನು ಬೆಳಿಗ್ಗೆ ಕುಡಿಸುತ್ತಿದ್ದಳು. ಶಂಖ ಊದಿದರೆ ಎಷ್ಟು ದೂರ ಕೇಳುತ್ತದೆ ನೋಡು, ಅದರ ನೀರು ಕುಡಿದರೆ ನಿನ್ನ ಗಂಟಲೂ ಹಾಗೇ ಆಗುತ್ತದೆ ಎನ್ನುತ್ತಿದ್ದಳು. ಅದರಿಂದ ನನಗೆ ಏನೂ ಆಗಲಿಲ್ಲ. ಆದರೆ ಅಜ್ಜಿಯ ಔಷಧಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಜೇನು ಸಿಹಿಯಾಗಿತ್ತು. ಹಚ್ಚುವಾಗ ಅವಳು ನನ್ನ ಹತ್ತಿರ ಮಾತಾಡುತ್ತಿದ್ದಳು, ನನ್ನಿಂದಲೂ ಮಾತಾಡಿಸುತ್ತಿದ್ದಳು.

ಸಿಟ್ಟು ಬಂದದ್ದು ಶಾಲೆಯಲ್ಲಿ. ಹಾಜರಿ ಕರೆದಾಗ 'ಪ್ರೆಸೆಂಟ್ ಸರ್' ಎನ್ನಬೇಕಿತ್ತು. ಆ 'ಪ್ರ' ನನ್ನ ತುಟಿಯ ಮೇಲೆ ಗಂಟು ಬೀಳುತ್ತಿತ್ತು. ಅದು ಬಿಚ್ಚಿಕೊಳ್ಳುವಷ್ಟರಲ್ಲಿ ಮಾಸ್ತರರು ಮುಂದಿನ ಎರಡು ಹೆಸರು ದಾಟಿರುತ್ತಿದ್ದರು. ಮೊದಲ ಬೆಂಚಿನಲ್ಲಿ ಅವರ ಕಣ್ಣೆದುರೇ ಕೂತ ನನಗೆ ಗೈರುಹಾಜರಿ ಬೀಳುತ್ತಿತ್ತು. ಒಂದು ದಿನ ನಾನು ಎದ್ದು ನಿಂತು "ಇದ್ದೇನೆ" ಎಂದೆ. ಅದು ನನಗೆ ಸಲೀಸಾಗಿ ಬರುವ ಶಬ್ದ. ಮಾಸ್ತರರು ಒಪ್ಪಲಿಲ್ಲ. ಎಲ್ಲರೂ ಹೇಳಿದಂತೆಯೇ ಹೇಳಬೇಕು ಎಂದು ಮಧ್ಯಾಹ್ನದವರೆಗೆ ನಿಲ್ಲಿಸಿದರು. ನಿಂತೆ. ನಿಂತುಕೊಂಡೂ ಇದ್ದೇನೆ, ಇದ್ದೇನೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಈ ಸಂಗತಿ ಮನೆಗೆ ಬಂತು, ಮನೆಯಿಂದ ಮಾಮಾನ ಕಿವಿಗೆ ಹೋಯಿತು. ಮಾಮಾ ಅಂದರೆ ಆಯಿಯ ತಮ್ಮ. ಬೈತಖೋಲ ಬಂದರಿನಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದ, ಕಾರವಾರದಲ್ಲಿ ಒಂದು ಖೋಲಿ ಹಿಡಿದು ಒಬ್ಬನೇ ಇದ್ದ. ಪೋಸ್ಟಿನಲ್ಲಿ ಔಷಧಿ ತರಿಸುವುದು ಅವನ ಚಟ. ಪತ್ರಿಕೆಯ ಕೊನೆಯ ಪುಟದಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಬರುವ ಜಾಹೀರಾತುಗಳನ್ನು ಅವನು ಕ್ಷೌರದಂಗಡಿಯಲ್ಲಿ ಕೂತು ಓದಿ, ಮಾಲೀಕನನ್ನು ಕೇಳಿ ಹರಿದು ತರುತ್ತಿದ್ದ. ಕೂದಲು ಬೆಳೆಸುವ ಎಣ್ಣೆ, ಎತ್ತರ ಹೆಚ್ಚಿಸುವ ಗುಳಿಗೆ, ರಕ್ತಶುದ್ಧಿಯ ಟಾನಿಕ್ಕು, ನೆನಪಿನ ಶಕ್ತಿಗೆ ಒಂದು ಪುಡಿ, ಎಲ್ಲವೂ ಅವನ ಖೋಲಿಯ ಕಿಟಕಿಯ ಮೇಲೆ ಸಾಲಾಗಿ ನಿಂತಿದ್ದವು. ಅವನ ತಲೆ ಮಾತ್ರ ವರ್ಷದಿಂದ ವರ್ಷಕ್ಕೆ ಸುಲಿದ ತೆಂಗಿನಕಾಯಿಯ ಹಾಗೆ ಆಗುತ್ತಿತ್ತು. ಆದರೂ ಹೊಸ ಜಾಹೀರಾತು ಕಂಡಾಗ ಅವನ ಮುಖ ಅರಳುವುದನ್ನು ನೋಡಿದರೆ ನಗಲು ಮನಸ್ಸು ಬರುತ್ತಿರಲಿಲ್ಲ.

ಒಂದು ಭಾನುವಾರ ಅಂಗಳಕ್ಕೆ ಕಾಲಿಟ್ಟವನೇ ಜೇಬಿನಿಂದ ಒಂದು ಚೂರು ಕಾಗದ ತೆಗೆದು ಅಪ್ಪನ ಎದುರು ಓದಿದ. ಉಗ್ಗು, ತೊದಲು, ಗಂಟಲು ಕಟ್ಟುವುದು, ಮೂರಕ್ಕೂ ಒಂದೇ ಔಷಧ. ಗುಣವಾಗದಿದ್ದರೆ ಹಣ ವಾಪಸು.

"ನಾ ಬರ್ದು ಹಾಕಿದ್ದೆ ಭಾವಾ," ಎಂದ ಮಾಮಾ. "ವಿ.ಪಿ. ಬತ್ತದೆ, ನಿಮ್ಮ ಹೆಸ್ರಿಗೇ ಬತ್ತದೆ. ಬಿಡಿಸ್ಕೊಳ್ಳಿ ಸಾಕು."

ವಿ.ಪಿ. ಅಂದರೆ ಪೋಸ್ಟಮನ್ನನ ಕೈಗೆ ದುಡ್ಡು ಕೊಟ್ಟು ಪಾರ್ಸೆಲ್ ಬಿಡಿಸಿಕೊಳ್ಳುವುದು. ಪಾರ್ಸೆಲ್ ಬಂದ ದಿನ ಮಾಮಾ ರಜೆ ಹಾಕಿ ಓಡಿ ಬಂದ. ಮರದ ಹೊಟ್ಟಿನ ನಡುವೆ ಒಂದು ಬಾಟಲಿ ಇತ್ತು. ಮೇಲಿನ ಚೀಟಿಯಲ್ಲಿ ಬಾಯಿ ತೆರೆದ ಗಿಳಿಯ ಚಿತ್ರ. ಅಜ್ಜಿ ಮುಚ್ಚಳ ತೆಗೆದು ಮೂಸಿ ಮುಖ ಸಿಂಡರಿಸಿದಳು. ಮಾಮಾ ಜೊತೆಗಿದ್ದ ಹಾಳೆಯನ್ನು ಬಿಡಿಸಿ ಪಥ್ಯ ಓದತೊಡಗಿದ. ಹುಳಿ ವರ್ಜ್ಯ. ಮೀನು ವರ್ಜ್ಯ.

"ಮೀನು ಬಿಟ್ಟು ಎಂತಾ ತಿನ್ನೂದು ಇದು?" ಎಂದು ಆಯಿ ಕೇಳಿದಳು.

"ನಿಲ್ಲೆ ಅಕ್ಕಾ, ಇನ್ನೂ ಅದೆ," ಎಂದು ಮಾಮಾ ಮುಂದೆ ಓದಿದ. ಔಷಧಿ ಸೇವಿಸುವ ಅವಧಿಯಲ್ಲಿ ರೋಗಿಯು ಆದಷ್ಟು ಕಡಿಮೆ ಮಾತನಾಡತಕ್ಕದ್ದು.

ಹೀಗೆ ನನ್ನ ಚಿಕಿತ್ಸೆ ಶುರುವಾಯಿತು. ಹೊತ್ತಿಗೆ ಎರಡು ಚಮಚ. ಕಹಿಯೂ ಅಲ್ಲ, ಸಿಹಿಯೂ ಅಲ್ಲ, ಕುಡಿದ ಮೇಲೆ ನಾಲಿಗೆ ಮರದ ಚಕ್ಕೆಯಂತೆ ದಪ್ಪಗಾಗುತ್ತಿತ್ತು. ಮನೆಯವರೆಲ್ಲ ಬಂಗಡೆ ಸಾರಿನಲ್ಲಿ ಉಣ್ಣುವಾಗ ನಾನು ಗಂಜಿ, ಉಪ್ಪು ಹಿಡಿದು ಮೂಲೆಗೆ ಕೂರುತ್ತಿದ್ದೆ. ಬಾಯಿ ತೆರೆದರೆ ಸಾಕು, ಅಪ್ಪ ತುಟಿಯ ಮೇಲೆ ಬೆರಳಿಡುತ್ತಿದ್ದ. ಬೇಕಾದ್ದನ್ನು ಕೈ ಸನ್ನೆಯಲ್ಲಿ ಕೇಳಬೇಕಿತ್ತು.

ಆಮೇಲೆ ಆದದ್ದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಎಲ್ಲರೂ ನನಗೆ ಗುಣವಾಗುತ್ತಿದೆ ಎನ್ನತೊಡಗಿದರು. ನೆರೆಮನೆಯವರು ಬಂದು, "ಹುಡ್ಗಿ ಸುಧಾರಿಸ್ತು ಕಾಣ್ತದೆ, ಈಗ ಉಗ್ಗೂದೇ ಕೇಳೂದಿಲ್ಲ," ಎಂದರು. ಹೇಗೆ ಕೇಳುತ್ತದೆ? ನಾನು ಮಾತೇ ಆಡುತ್ತಿರಲಿಲ್ಲ. ಶಾಲೆಯಲ್ಲೂ ಮಾಸ್ತರರಿಗೆ ಅಪ್ಪ ಹೇಳಿಬಂದಿದ್ದರಿಂದ ಕೈ ಎತ್ತಿದರೆ ಹಾಜರಿ ಹಾಕುತ್ತಿದ್ದರು. ಅಷ್ಟು ಸುಲಭವಾಗಿತ್ತು ಅದು. ಆಯಿಯ ಮುಖದಲ್ಲಿ ಎಷ್ಟೋ ದಿನಗಳಿಂದ ಇಲ್ಲದ ಗೆಲುವು ಬಂದಿತ್ತು. ಆ ಗೆಲುವಿಗಾಗಿ ನಾನು ಇನ್ನಷ್ಟು ಸುಮ್ಮನಾದೆ. ಬಾಟಲಿ ತಳ ಕಾಣುವ ಮೊದಲೇ ಮಾಮಾ ಇನ್ನೊಂದಕ್ಕೆ ಬರೆದು ಹಾಕಿದ.

ಆ ನಡುವೆ ಒಂದು ಮಧ್ಯಾಹ್ನ ಅಜ್ಜಿ ಮರಳಿನ ಮೇಲೆ ಚಾಪೆ ಹಾಸಿ, ಮಳೆಗಾಲಕ್ಕೆಂದು ಮೀನು ಒಣಗಲು ಹಾಕಿ, ನನ್ನನ್ನು ಕಾವಲಿಗೆ ಕೂರಿಸಿ ಒಳಗೆ ಹೋದಳು. ನಾಲ್ಕೈದು ನಾಯಿಗಳು ಒಟ್ಟಿಗೆ ಬಂದವು. ನಾನು ಕೋಲು ಬೀಸಿದೆ. ಒಂದನ್ನು ಅಟ್ಟಿದರೆ ಉಳಿದವು ಇನ್ನೊಂದು ಕಡೆಯಿಂದ ಚಾಪೆಯನ್ನೇ ಕಚ್ಚಿ ಎಳೆಯುತ್ತಿದ್ದವು. ಒಂದು ಕೂಗು ಹಾಕಿದ್ದರೆ ಅಜ್ಜಿ ಬರುತ್ತಿದ್ದಳು. ನಾನು ಕೂಗಲಿಲ್ಲ. ಪಥ್ಯ ಕೆಡುತ್ತದೆ ಎಂದು ಹೆದರಿದ್ದೆ. ಅಜ್ಜಿ ತಾನಾಗಿ ಹೊರಬಂದಾಗ ಅರ್ಧ ಮೀನು ಮರಳಿನಲ್ಲಿ ಚೆಲ್ಲಾಪಿಲ್ಲಿಯಾಗಿತ್ತು.

"ಬಾಯಿ ಬಿಟ್ಟು ಕೂಗ್ಲಿಕ್ಕೆ ಎಂತಾ ಆಗಿತ್ತು ನಿಂಗೆ?" ಎಂದಳು.

ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ.

ಅಜ್ಜಿ ನನ್ನ ಕೈಯನ್ನು ಹಿಡಿದು ತುಟಿಯಿಂದ ಕಿತ್ತಳು. "ಉಗ್ಗಿದ್ರೆ ಉಗ್ಗು. ಮೂಕಿ ಹಂಗೆ ಕೂತ್ರೆ ನಾಳೆ ನಿನ್ನೇ ಎಳ್ಕಂಡು ಹೋದ್ರೂ ಯಾರಿಗೆ ಗೊತ್ತಾಗ್ತದೆ?" ಎಂದು ಬೈದಳು. ಆಮೇಲೆ ಕೂತು ಮರಳು ಕೊಡವುತ್ತ ಒಂದೊಂದೇ ಮೀನು ಆರಿಸತೊಡಗಿದಳು. ನಾನೂ ಆರಿಸಿದೆ. ಅಂದು ಸಂಜೆಯ ಎರಡು ಚಮಚವನ್ನು ಯಾರಿಗೂ ಕಾಣದಂತೆ ತೆಂಗಿನ ಬುಡಕ್ಕೆ ಚೆಲ್ಲಿದೆ.

ಎರಡನೆಯ ಪಾರ್ಸೆಲ್ ಬಂದಾಗ ಅಪ್ಪ ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದ. ಪೋಸ್ಟಮನ್ ಸೈಕಲ್ ಒರಗಿಸಿ ಹೆಸರು ಕೂಗಿದ. ಅಪ್ಪ ಒಳಗೆ ಹೋಗಿ ದುಡ್ಡು ತಂದ. ನಾನು ಅವರಿಬ್ಬರ ನಡುವೆ ಹೋಗಿ ನಿಂತೆ. ಹೇಳಬೇಕಾದ್ದು ಒಂದೇ ಶಬ್ದ. ಅದೂ ನನ್ನ ವೈರಿ ಅಕ್ಷರದಿಂದ ಶುರುವಾಗುವ ಶಬ್ದ. ತಲೆಯಾಡಿಸಿದ್ದರೂ ಸಾಕಿತ್ತು. ಆದರೆ ತಲೆಯಾಡಿಸುವುದು ನನಗೆ ಸಾಕಾಗಿಹೋಗಿತ್ತು.

"ಬೇ..." ಎಂದೆ. ತುಟಿ ಅಂಟಿಕೊಂಡಿತು. "ಬೇ... ಬೇ..."

ಅಪ್ಪ ಬೆರಳೆತ್ತಿದ. ನಾನು ಅವನ ಕಡೆ ನೋಡಲಿಲ್ಲ. ಪೋಸ್ಟಮನ್ನನ ಖಾಕಿ ಅಂಗಿಯ ಗುಂಡಿಯನ್ನೇ ನೋಡುತ್ತಿದ್ದೆ. ಅವನು ಊರಿಡೀ ತಿರುಗಬೇಕಾದ ಮನುಷ್ಯ, ಆದರೂ ಅವಸರ ಮಾಡಲಿಲ್ಲ. ಪಾರ್ಸೆಲ್ಲನ್ನು ಕಂಕುಳಿಗೆ ಸೇರಿಸಿಕೊಂಡು ನಿಂತ. ಕುತ್ತಿಗೆಯ ನರ ಬಿಗಿದು, ಕಣ್ಣಲ್ಲಿ ನೀರು ಬಂದು, ಕೊನೆಗೆ ಆ ಶಬ್ದ ಪೂರ್ತಿಯಾಗಿ ಹೊರಗೆ ಬಿತ್ತು.

"ಬೇಡ."

"ಎಂತಾ ಬೇಡ?" ಅಪ್ಪ ಗದರಿದ. "ಗುಣ ಆಗ್ತಾ ಬಂದದೆ, ಈಗ ಬೇಡ ಅಂದ್ರೆ?"

"ಗುಣ ಆಗ್ಲಿಲ್ಲ. ನಾ ಮಾ... ಮಾ... ಮಾತಾಡ್ಲಿಲ್ಲ, ಅಷ್ಟೇ. ಇನ್ನು ಮಾ... ಮಾತಾಡ್ತೆ."

ಬಾಗಿಲಲ್ಲಿ ಆಯಿ ಬಂದು ನಿಂತಿದ್ದಳು. ಅವಳ ಮುಖದ ಗೆಲುವು ಇಳಿಯುವುದನ್ನು ನಾನು ಕಂಡೆ. ಆದರೂ ಜಾಗ ಬಿಡಲಿಲ್ಲ. ಒಳಗಿನಿಂದ ಅಜ್ಜಿ, "ಕಳ್ಸಿಬಿಡಾ ಅದ್ನ," ಎಂದಳು. ಅಪ್ಪ ಸ್ವಲ್ಪ ಹೊತ್ತು ಕೈಯಲ್ಲಿದ್ದ ದುಡ್ಡು ನೋಡಿದ, ನನ್ನನ್ನು ನೋಡಿದ, ಕೊನೆಗೆ ದುಡ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಪೋಸ್ಟಮನ್ ಪಾರ್ಸೆಲ್ಲಿನ ಮೇಲೆ ಏನೋ ಬರೆದುಕೊಂಡು ಸೈಕಲ್ ಹತ್ತಿದ.

ಆ ರಾತ್ರಿ ನಾನು ಎಲ್ಲರ ಜೊತೆ ಕೂತು ಬಂಗಡೆ ಸಾರು ಉಂಡೆ. ಆಯಿ ಬಡಿಸಿದಳು. ಎರಡನೆಯ ಸಲ ಕೇಳದೆಯೇ ಬಡಿಸಿದಳು.

ಮಾಮಾನಿಗೆ ಬೇಸರವಾಯಿತು. ಮುಂದಿನ ಸಲ ಬಂದಾಗ ನನ್ನನ್ನು ಹೊಳೆದಂಡೆಗೆ ಕರೆದುಕೊಂಡು ಹೋಗಿ ಯಾಕೆ ಹೀಗೆ ಮಾಡಿದೆ ಎಂದು ಕೇಳಿದ. ನಾನು ಎಲ್ಲ ಹೇಳಿದೆ, ಗಂಜಿಯ ಮೂಲೆಯಿಂದ ಹಿಡಿದು ನಾಯಿಗಳವರೆಗೆ. ಬಹಳ ಹೊತ್ತು ಹಿಡಿಯಿತು. ಅವನು ಮರಳಿನಲ್ಲಿ ಕಡ್ಡಿಯಿಂದ ಗೆರೆ ಎಳೆಯುತ್ತ ಕೇಳಿದ. "ಹಂಗಾದ್ರೆ ದುಡ್ಡು ವಾಪಸ್ ಕೇಳ್ವಾ," ಎಂದ. ಕಾರ್ಡು ಬರೆದ. ಉತ್ತರ ಬರಲಿಲ್ಲ. ಅದರಿಂದ ಅವನ ನಂಬಿಕೆಗೆ ಏನೂ ಆಗಲಿಲ್ಲ. ಅದೇ ವರ್ಷ ಕೂದಲಿಗೆ ಇನ್ನೊಂದು ಎಣ್ಣೆ ತರಿಸಿದ. ಆದರೆ ನನ್ನ ನಾಲಿಗೆಯ ಸುದ್ದಿಗೆ ಮತ್ತೆ ಬರಲಿಲ್ಲ.

ಮುಂದೆ ಸುಖವಾಯಿತು ಎಂದು ಹೇಳಲಾರೆ. ಮದುವೆಗೆ ನೋಡಲು ಬಂದವರ ಎದುರು ಬಾಯಿ ಮುಚ್ಚಿ ಕೂರು ಎಂದರು, ನಾನು ಕೂರಲಿಲ್ಲ. ಕೆಲವರು ಚಾ ಕುಡಿದು ಎದ್ದು ಹೋದರು. ಸದಾಶಿವಗಡದಿಂದ ಬಂದವನೊಬ್ಬ ಎದ್ದು ಹೋಗಲಿಲ್ಲ, ಇನ್ನೊಂದು ಲೋಟ ಚಾ ಕೇಳಿದ. ಅವನನ್ನೇ ಮದುವೆಯಾಗಿ ಸದಾಶಿವಗಡಕ್ಕೆ ಹೋದೆ. ಅಲ್ಲಿಂದ ಹೊಳೆಯ ಸೇತುವೆ ದಾಟಿ ಬೈತಖೋಲಕ್ಕೆ ಹೋಗಿ ಮೀನು ಹಿಡಿಯುವ, ಅಂದರೆ ಹರಾಜಿನಲ್ಲಿ ಕೊಳ್ಳುವ ಕೆಲಸಕ್ಕೆ ಇಳಿದೆ.

ಹರಾಜಿನಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ. ಬೋಟಿನಿಂದ ಬುಟ್ಟಿ ಇಳಿಯುತ್ತಲೇ ರೇಟು ಕೂಗಬೇಕು. ಮೊದಮೊದಲು ನಾನು ಬಾಯಿ ತೆರೆಯುವುದರಲ್ಲಿ ಮೀನು ಬೇರೆಯವರ ಪಾಲಾಗುತ್ತಿತ್ತು. ಹಿಂದೆ ನಿಂತವರು ನನ್ನ ಹಾಗೆಯೇ ಅಣಕಿಸಿ ನಗುತ್ತಿದ್ದರು. ಜೊತೆಯವಳೊಬ್ಬಳು, ನಿನ್ನ ರೇಟು ನನ್ನ ಕಿವಿಯಲ್ಲಿ ಹೇಳು, ನಾನು ಕೂಗುತ್ತೇನೆ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ನಾನು ಒಪ್ಪಲಿಲ್ಲ. ಮುಂದೆ ನುಗ್ಗಿ ಬುಟ್ಟಿಯ ಅಂಚಿನ ಮೇಲೆ ಕೈ ಊರಿ ನಿಲ್ಲುವುದನ್ನು ಕಲಿತೆ.

"ಬೇಗ ಹೇಳೆ ಮಾರಾಯ್ತಿ!" ಎಂದು ಹರಾಜು ಕೂಗುವವನು ರೇಗುತ್ತಿದ್ದ.

"ಹೇಳ್ತೆ, ನಿಲ್ಲು. ಕೈ ತೆಗೂದಿಲ್ಲ."

ಹೇಳುತ್ತಿದ್ದೆ. ಹೇಳಿದ ಮೇಲೆಯೇ ಕೈ ತೆಗೆಯುತ್ತಿದ್ದೆ. ವರ್ಷಗಳು ಕಳೆದ ಮೇಲೆ ಅದು ಅಲ್ಲಿಯ ರೂಢಿಯೇ ಆಯಿತು. ಅಣಕಿಸುವವರು ಈಗಲೂ ಇದ್ದಾರೆ. ಅವರ ಬಳಿ ನಾನು ಮೀನಿನ ಮಾತು ಬಿಟ್ಟು ಬೇರೆ ಆಡುವುದಿಲ್ಲ.

ಕಳೆದ ವರ್ಷ ನನ್ನ ಮೊಮ್ಮಗಳು ಉಗ್ಗತೊಡಗಿದಳು. ಸೊಸೆ ಮೊಬೈಲಿನಲ್ಲಿ ಏನೋ ನೋಡಿ ಡ್ರಾಪ್ಸ್ ತರಿಸಿದಳು. ಕೊರಿಯರ್‌ನವನು ಮೋಟಾರ್‌ಸೈಕಲ್ಲಿನಲ್ಲಿ ತಂದುಕೊಟ್ಟ. ಡಬ್ಬಿ ಬಹಳ ಚೆಂದವಿತ್ತು, ಒಂದು ಮಗು ಮೈಕ್ ಹಿಡಿದು ನಗುವ ಚಿತ್ರ. ನಾನು ಅದನ್ನು ಕಪಾಟಿನ ಮೇಲಿಟ್ಟು ಸೊಸೆಯನ್ನು ಕೂರಿಸಿ ನನ್ನ ಕಥೆ ಹೇಳಿದೆ.

ಅವಳಿಗೆ ಸಿಟ್ಟು ಬಂತು. "ನಿಮ್ಮ ಕಾಲ ಬೇರೆ ಅತ್ತೆ. ಇವ್ಳು ನಾಳೆ ಇಂಟರ್ವ್ಯೂಗೆ ಹೋಗೂದು ಬೇಡ್ವಾ? ಅಲ್ಲಿ ಬುಟ್ಟಿ ಮೇಲೆ ಕೈ ಇಟ್ಕೊಂಡು ನಿಲ್ಲೂಕೆ ಆಗ್ತದಾ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹೆದರಿಕೆ ಇತ್ತು, ನನ್ನ ಆಯಿಗೆ ಇದ್ದದ್ದೇ. ನಾನು ಹೇಳಿದೆ, "ಡಾಕ್ಟರ ಹತ್ರ ಕರ್ಕಂಡು ಹೋಗು, ನಾನೂ ಬತ್ತೆ. ಬಾ... ಬಾಟ್ಲಿ ಕುಡಿಸಿ ಮಗೂನ ಸುಮ್ನೆ ಕೂರ್ಸೂದು ನಾ ಇರೂತನ್ಕ ಆಗೂದಿಲ್ಲ."

ಎರಡು ದಿನ ಡಬ್ಬಿ ಕಪಾಟಿನ ಮೇಲೆಯೇ ಇತ್ತು. ಮೂರನೆಯ ದಿನ ಸೊಸೆಯೇ ರಿಕ್ಷಾ ಕರೆದಳು. ಕಾರವಾರದ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳು ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಆಟ ಆಡಿಸುತ್ತ ಮಾತಾಡಿಸಿದಳು. ಉಸಿರು ಹೇಗೆ ಬಿಡಬೇಕು, ಶಬ್ದವನ್ನು ಹೇಗೆ ಮೆತ್ತಗೆ ಶುರು ಮಾಡಬೇಕು ಎಂದು ತೋರಿಸಿದಳು. ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ, ಆದರೆ ಮನೆಯಲ್ಲಿ ಯಾರೂ ಅವಳ ಮಾತಿಗೆ ಅಡ್ಡ ಬರಬೇಡಿ ಎಂದಳು. ಗ್ಯಾರಂಟಿ ಕೊಡದ ಔಷಧಿಯನ್ನು ನಾನು ನಂಬಿದ್ದು ಅದೇ ಮೊದಲು. ಸೊಸೆ ಎಲ್ಲವನ್ನೂ ಗಮನವಿಟ್ಟು ಕೇಳಿದಳು. ವಾಪಸು ಬರುವಾಗ ಸೇತುವೆಯ ಮೇಲೆ, "ನೀವು ಆವತ್ತು ಬೇಡ ಅನ್ನೂಕೆ ಎಷ್ಟು ಹೊತ್ತಾಯ್ತು ಅತ್ತೆ?" ಎಂದು ಕೇಳಿದಳು. ನೆನಪಿಲ್ಲ ಎಂದೆ.

ಮೊಮ್ಮಗಳು ಈಗಲೂ ಉಗ್ಗುತ್ತಾಳೆ, ಮೊದಲಿಗಿಂತ ಕಡಿಮೆ. ಮಾತು ಮಾತ್ರ ಮೂರು ಪಟ್ಟು ಹೆಚ್ಚಾಗಿದೆ. ರಾತ್ರಿ ಊಟಕ್ಕೆ ಕೂತಾಗ ಶಾಲೆಯ ಸುದ್ದಿ ಶುರು ಮಾಡಿದರೆ ಅನ್ನ ಆರಿ ತಣ್ಣಗಾಗುತ್ತದೆ. ಅವಳು ತಡೆದು ನಿಂತಲ್ಲಿ ನನ್ನ ಮಗ ಒಮ್ಮೊಮ್ಮೆ ಕಾಯಲಾರದೆ ಅವಳ ಶಬ್ದವನ್ನು ತಾನು ಮುಗಿಸಿಕೊಡುತ್ತಾನೆ. ಹಾಗೆ ಮಾಡಿದ ದಿನ ಅವನ ತಟ್ಟೆಗೆ ಸಾರಿನ ಮೀನು ಬೀಳುವುದಿಲ್ಲ. ಸೌಟು ಇನ್ನೂ ನನ್ನ ಕೈಯಲ್ಲಿದೆ.